ಸಹಿ ಬಿದ್ದ ಮೇಲೆ

ಫೆಬ್ರವರಿ ೩

ಚಿಕ್ಕ ಯಜಮಾನರಿಗೆ,

ಹೀಗೆ ಕರೆದದ್ದು ನೋಡಿ ಬೆಚ್ಚಿಬೀಳಬೇಡ. ನಮ್ಮ ಲಿಫ್ಟ್ ಪ್ಯಾನೆಲ್ಲಿನ ಶೆಡ್ಡಿನಲ್ಲಿ ನಿನ್ನನ್ನು ಹೀಗೆ ಕರೆಯುತ್ತಿದ್ದವರಲ್ಲಿ ಈಗ ಫೋರ್‌ಮನ್ ಒಬ್ಬ ಉಳಿದಿದ್ದಾನೆ, ನಾನೊಬ್ಬಳು ಉಳಿದಿದ್ದೇನೆ. ನೀನು ಹೊರಟುಹೋದ ಮೇಲೆ ಅಣ್ಣ ತಮ್ಮ ಮಾತು ಬಿಟ್ಟಿರಿ. ನಿಮ್ಮಿಬ್ಬರ ನಡುವೆ ನಾನೂ ಬಾಯಿ ಕಟ್ಟಿಕೊಂಡೆ. ಮಾತಾಡಿಯೇ ವ್ಯಾಪಾರ ಬೆಳೆಸಿದವಳಿಗೆ ಅದು ಎಂಥ ನಷ್ಟದ ಬಾಬತ್ತು ಎಂದು ನೀನೇ ಲೆಕ್ಕ ಹಾಕಿಕೋ.

ವಿಷಯಕ್ಕೆ ಬರುತ್ತೇನೆ. ನಿಮ್ಮಣ್ಣನಿಗೆ ಮರೆವಿನ ಕಾಯಿಲೆ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು, ನಾನು ಅದನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ. ಹಳೆಯದೆಲ್ಲ ಗಟ್ಟಿಯಾಗಿದೆ, ಹೊಸದು ನಿಲ್ಲುವುದಿಲ್ಲ. ಲಿಫ್ಟಿನ ಪ್ಯಾನೆಲ್ಲಿನಲ್ಲಿ ಯಾವ ವೈರು ಎಲ್ಲಿಂದ ಎಲ್ಲಿಗೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ತಿಂಡಿ ತಿಂದಿರಾ ಎಂದರೆ ನನ್ನ ಮುಖ ನೋಡುತ್ತಾರೆ. ಕರೆಂಟಿನ ಜೊತೆ ಸರಸ ಬೇಡವೆಂದು ಶೆಡ್ಡಿಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದೆ. ಅಂದಿನಿಂದ ಹಾಸಿಗೆ ಬಿಟ್ಟು ಏಳುವುದಿಲ್ಲ. ಎಬ್ಬಿಸಲು ಹೋದರೆ ಒಂದೇ ಮಾತು: "ಎದ್ದು ಏನ್ ಮಾಡ್ಲಿ, ನೀನೇ ಹೇಳು." ಯಾವ ಗಿರಾಕಿಗೂ ಸೋಲದ ನನ್ನ ಬಾಯಿ ಈ ಮಾತಿಗೆ ಸೋತಿದೆ.

ಮೊನ್ನೆ ತಾವಾಗಿಯೇ ಎದ್ದು ಕೂತರು. "ಎಲ್ಲಿ ಅವನು? ವೈರಿಂಗ್ ನಕ್ಷೆ ಬರೆಯೋ ಸಾಫ್ಟ್‌ವೇರ್ ಮಾಡ್ತೀನಿ ಅಂತ ಕುಣೀತಿದ್ನಲ್ಲ. ನನ್ನ ಕೇಳ್ದೆ ಅದು ಹೇಗ್ ಮಾಡ್ತಾನೆ?"

"ಯಾರು?" ಎಂದೆ, ಗೊತ್ತಿದ್ದೂ.

"ಇನ್ಯಾರು? ನನ್ ತಮ್ಮ."

ಜಗಳ ಅವರಿಗೆ ನೆನಪಿಲ್ಲ. ನಾನು ನೆನಪಿಸಲೂ ಇಲ್ಲ.

ನೀನು ಆ ಸಾಫ್ಟ್‌ವೇರು ಮಾಡುತ್ತೀಯೋ ಬಿಡುತ್ತೀಯೋ, ಹೇಗೆ ಮಾಡಬೇಕೆಂದು ಅವರನ್ನು ಕೇಳು. ಫೋನು ಬೇಡ, ದನಿ ಮಾತ್ರ ಬಂದು ಮುಖ ಕಾಣದಿದ್ದರೆ ಗಾಬರಿಯಾಗುತ್ತಾರೆ. ವಿಡಿಯೋ ಇನ್ನೂ ಬೇಡ, ಗಾಜಿನ ಹಿಂದೆ ಯಾರು ಸಿಕ್ಕಿಕೊಂಡಿದ್ದಾರೆ ಎನ್ನುತ್ತಾರೆ. ಕಾಗದವನ್ನು ಮಾತ್ರ ಈಗಲೂ ನಂಬುತ್ತಾರೆ. ಎರಡು ಹಾಳೆ ಬರೆ. ಒಂದು ಅವರಿಗೆ ಓದಿ ಹೇಳಲು, ಇನ್ನೊಂದು ನನಗೆ.

ಕಟ್ಟಿದ ಬಾಯಿ ಬಿಚ್ಚಿಕೊಂಡ,
ನಿನ್ನ ಅತ್ತಿಗೆ


ಫೆಬ್ರವರಿ ೧೬

ಅತ್ತಿಗೆಗೆ ನಮಸ್ಕಾರಗಳು.

ಕಾಗದ ಬಂದ ದಿನವೇ ಬರೆಯಲು ಕೂತೆ, ಆಗಲಿಲ್ಲ.

ಅಣ್ಣ ಒಂದು ನಕ್ಷೆಯ ಮೂಲೆಯಲ್ಲಿ "ಸರಿ ಇದೆ" ಎಂದು ಬರೆದು ಸಹಿ ಹಾಕಿದರೆ ಆಮೇಲೆ ಅದನ್ನು ಶೆಡ್ಡಿನಲ್ಲಿ ಯಾರೂ ಮುಟ್ಟುವಂತಿರಲಿಲ್ಲ, ಅಣ್ಣನೂ ಸೇರಿ. ನಾನು ಅಂಥದೊಂದನ್ನು ಕಂಪ್ಯೂಟರಿನಲ್ಲಿ ತಿದ್ದಿ ಬರೆದು, ಹಳೆಯದನ್ನು ಇಳಿಸಿ ಅದೇ ಮೊಳೆಗೆ ತೂಗುಹಾಕಿದೆ. ಅಂದವಾಗಿದೆ ಎನ್ನುತ್ತಾರೆಂದು ಕಾದು ನಿಂತಿದ್ದೆ. "ಸಹಿ ಬಿದ್ದಿದ್ದನ್ನ ಮುಟ್ಟಿದೋನು ಈ ಶೆಡ್ಡಲ್ಲಿ ಇರೋ ಹಾಗಿಲ್ಲ" ಎಂದರು, ಎಲ್ಲರೆದುರಿಗೆ. ನೀವು ಬಾಗಿಲಲ್ಲಿ ನಿಂತಿದ್ದಿರಿ.

ಅವರೇ ಕರೆಯಲಿ ಎಂದು ಇಷ್ಟು ವರ್ಷ ಕಾದೆ. ಈಗ ಕರೆದಿದ್ದಾರೆ. ಆದರೆ ಕರೆದದ್ದು ಜಗಳಕ್ಕಿಂತ ಮುಂಚಿನ ಅಣ್ಣ. ಜಗಳ ನನ್ನೊಬ್ಬನದೇ ಆಗಿ ಉಳಿದುಕೊಂಡಿತು. ಒಬ್ಬನೇ ಹೇಗೆ ರಾಜಿಯಾಗುವುದು, ಅತ್ತಿಗೆ?

ಆಫೀಸು ಮುಗಿದ ಮೇಲೆ ಈ ಕೆಲಸಕ್ಕೆ ಕೂರುತ್ತೇನೆ. ಸುಮ್ಮನೆ ಕೇಳಿದಂತೆ ಮಾಡುವುದಿಲ್ಲ. ನಿಜವಾಗಿ ಮಾಡುತ್ತೇನೆ.

ನಿಮ್ಮ ಮೈದುನ

(ಅಣ್ಣನಿಗೆ ಓದುವ ಹಾಳೆ)

ಅಣ್ಣಾ, ನಕ್ಷೆ ಬರೆಯುವ ಸಾಫ್ಟ್‌ವೇರಿನ ಯೋಜನೆ ಹಾಕುತ್ತಿದ್ದೇನೆ. ಮೊದಲು ಚಿಹ್ನೆಗಳು: ಫ್ಯೂಸು, ಸ್ವಿಚ್ಚು, ರಿಲೇ, ಮೋಟಾರು. ಆಮೇಲೆ ಅವುಗಳ ನಡುವಿನ ಗೆರೆ. ಕೊನೆಗೆ ಹಾಳೆ ಮತ್ತು ಪ್ರಿಂಟು. ನೀವು ಹೇಳದೆ ಯಾವುದನ್ನೂ ಶುರು ಮಾಡುವುದಿಲ್ಲ. ಎರಡು ಗೆರೆ ಒಂದನ್ನೊಂದು ಹಾಯುವಲ್ಲಿ, ಅವು ಸೇರಿಲ್ಲ ಎಂದು ತೋರಿಸುವುದು ಹೇಗೆ? ಒಂದು ಚಿಹ್ನೆಯನ್ನು ಪಕ್ಕಕ್ಕೆ ಸರಿಸಿದರೆ ಅದಕ್ಕೆ ಅಂಟಿದ ಗೆರೆಗಳೂ ಬರಬೇಕೇ?


ಮಾರ್ಚ್ ೨

ಚಿಕ್ಕ ಯಜಮಾನರಿಗೆ,

ಶುಭ ಸಮಾಚಾರ. ಗಡ್ಡ ಹೋಯಿತು!

"ತಮ್ಮನ ಕಾಗದ ಬಂದಿದೆ, ನಿಮ್ಮನ್ನ ಏನೋ ಕೇಳಿದಾನೆ" ಎಂದೆ. "ಇರು, ಹೀಗೇ ಕೂತು ಹೇಳೋಕಾಗುತ್ತಾ?" ಎಂದು ಎದ್ದು, ತಾವೇ ಶೇವ್ ಮಾಡಿಕೊಂಡು, ಜೇಬಿರುವ ಅಂಗಿ ಹುಡುಕಿ ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿ ಊಟದ ಮೇಜಿಗೆ ಬಂದು ಕೂತರು. ಫೋರ್‌ಮನ್‌ಗೂ ಬುಲಾವು ಹೋಯಿತು.

"ಹಾಯೋ ಗೆರೆ ಸಣ್ಣಗೆ ಉಬ್ಬಿ ದಾಟ್ಬೇಕು, ಸೇತುವೆ ಥರ. ಒಂಟೆ ಬೆನ್ನಷ್ಟಲ್ಲ, ಉಗುರಷ್ಟು. ಬರ್ಕೊಳ್ಳೇ."

"ಬರ್ಕೊಂಡೆ."

"ಚಿಹ್ನೆ ಸರಿಸಿದ್ರೆ ಗೆರೆ ಬರ್ದೇ ಇರುತ್ತಾ? ಮಕ್ಕಳು ಅಮ್ಮನ ಕೈ ಹಿಡ್ಕೊಂಡು ಬರೋ ಹಾಗೆ ಬರ್ಬೇಕು. ಇದೂ ಒಂದು ಪ್ರಶ್ನೆನಾ? ಅವನಿಗೆ ನಾನು ಏನ್ ಕಲಿಸಿದ್ದು?"

ಫೋರ್‌ಮನ್ ಬಾಯಿ ಹಾಕಿದ: "ನಂಗೂ ಅದೇ ಕಲಿಸಿದ್ರಿ, ನಂಗೂ ಬರಲ್ಲ." ನಿಮ್ಮಣ್ಣ ನಕ್ಕರು. ಆ ನಗು ಕೇಳಿ ಒಲೆಯ ಮೇಲೆ ಇಟ್ಟ ಹಾಲು ಉಕ್ಕಿಸಿದೆ. ಉಕ್ಕಲಿ ಬಿಡು.

ಮರುದಿನ ಅವರಿಗೆ ಏನೂ ನೆನಪಿರಲಿಲ್ಲ. ಅದೇ ಹಾಳೆಯನ್ನು ಮತ್ತೆ ಓದಿದೆ. ಮತ್ತೆ ಶೇವು, ಮತ್ತೆ ಅಂಗಿ, ಮತ್ತೆ ಅದೇ ಒಂಟೆ, ಅದೇ ಉಗುರು. ಅಕ್ಷರ ಆಚೀಚೆಯಾಗಲಿಲ್ಲ. ಒಂದು ಕಾಗದಕ್ಕೆ ಇಷ್ಟು ಬೆಳಗು! ಇಷ್ಟು ಲಾಭದ ಸರಕನ್ನು ನಾನು ಜನ್ಮದಲ್ಲಿ ಕೊಂಡಿಲ್ಲ. ಆದರೆ ಎಷ್ಟೋ ಸಲ ಓದಿದ ಮೇಲೆ ಎಲ್ಲೋ ಒಂದು ಕಡೆ ಅಂಟಿಕೊಳ್ಳುತ್ತದೆ ಎಂದು ಕಾಣುತ್ತದೆ. "ಇದು ಹೇಳಾಯ್ತಲ್ಲ" ಎಂದು ಮಗ್ಗುಲು ತಿರುಗಿದರು. ಆ ದಿನ ಎಬ್ಬಿಸಲಾಗಲಿಲ್ಲ.

ಆದ್ದರಿಂದ ಹೊಸದು ಕಳಿಸು, ಆದರೆ ಎಲ್ಲವನ್ನೂ ಒಟ್ಟಿಗೆ ಸುರಿಯಬೇಡ. ಸ್ವಲ್ಪ ಸ್ವಲ್ಪವೇ ಕೇಳು.

ಹಾಲು ಉಕ್ಕಿಸಿಕೊಂಡ,
ಅತ್ತಿಗೆ


ಮಾರ್ಚ್ ೨೦

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ನಾನೂ ಅಣ್ಣನ ಹಾಗೆ ಮತ್ತೆ ಮತ್ತೆ ಓದಿದೆ.

ಮೊದಲ ಆವೃತ್ತಿಗೆ ಏನು ಬೇಕೇ ಬೇಕು, ಏನನ್ನು ಮುಂದಕ್ಕೆ ಹಾಕಬಹುದು ಎಂದು ಗೋಡೆಗೆ ಚೀಟಿ ಅಂಟಿಸಿಕೊಂಡಿದ್ದೇನೆ. ಬಣ್ಣ, ಬಗೆಬಗೆಯ ಅಕ್ಷರ, ಹಲವರು ಒಟ್ಟಿಗೆ ಬರೆಯುವುದು, ಇವೆಲ್ಲ ‘ಆಮೇಲೆ’ ಎಂದು ಬರೆದಿಟ್ಟ ಗೋಡೆಗೆ ಹೋದವು. ಸೇತುವೆಯ ಉಬ್ಬು ಮೊನ್ನೆ ತೆರೆಯ ಮೇಲೆ ಬಂತು. ಉಗುರಷ್ಟೇ ಇದೆಯೇ ಎಂದು ನನ್ನ ಉಗುರು ಇಟ್ಟು ನೋಡಿದೆ.

ಈ ಕಾಯಿಲೆಯ ಬಗ್ಗೆ ಓದುತ್ತಿದ್ದೇನೆ. ಓದಬಾರದಿತ್ತು. ಅಣ್ಣನಿಗೆ ನೋಡಿದ್ದು ತಿಳಿಯುತ್ತಿರುವಾಗಲೇ ಇದನ್ನು ಅವರ ಮುಂದೆ ಇಡಬೇಕು. ತಮ್ಮ ಮಾಡಿದ್ದು ಎಂದು ಗೊತ್ತಾಗಬೇಕು. ನನಗೆ ಬೇಕಾದದ್ದು ಇಷ್ಟೇ, ಅದಕ್ಕೇ ವೇಗ ಹೆಚ್ಚಿಸಿದ್ದೇನೆ.

ನಿಮ್ಮ ಮೈದುನ

(ಅಣ್ಣನಿಗೆ ಓದುವ ಹಾಳೆ)

ಅಣ್ಣಾ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಕ್ಷೆಯಿಂದ ಒಂದು ಚಿಹ್ನೆಯನ್ನು ಅಳಿಸಿದರೆ ಅದಕ್ಕೆ ಸೇರಿದ್ದ ಗೆರೆಗಳನ್ನು ಏನು ಮಾಡುವುದು? ಅವನ್ನೂ ಅಳಿಸಲೇ? ಅಥವಾ ಎರಡೂ ಕಡೆಯ ಗೆರೆಗಳನ್ನು ಎಳೆದು ಒಂದಕ್ಕೊಂದು ಸೇರಿಸಿಬಿಡಲೇ?


ಏಪ್ರಿಲ್ ೮

ಚಿಕ್ಕ ಯಜಮಾನರಿಗೆ,

ಈ ಸಲದ ಪ್ರಶ್ನೆ ಕೇಳಿ ನಿಮ್ಮಣ್ಣ ಮೇಜಿಗೆ ಬಗ್ಗಿದರು. ಚಹಾ ಆರಿಹೋಯಿತು. ಮೇಜಿನ ಮೇಲೆ ಬೆರಳಿನಿಂದ ಏನೋ ಎಳೆದರು, ಏನೋ ಒರೆಸಿದರು.

"ಎರಡೂ ತಪ್ಪು," ಎಂದರು. "ಚಿಹ್ನೆ ತೆಗೆದ್ರೂ ಗೆರೆ ಅಲ್ಲೇ ಇರ್ಬೇಕು, ತುದಿ ಬಿಟ್ಕೊಂಡು. ಕೆಂಪಾಗಿ ಕಾಣ್ಬೇಕು. ಗೆರೆನೂ ಅಳಿಸಿದ್ರೆ ಮುಂದೆ ಬರೋನು ಇಲ್ಲೇನೂ ಇರ್ಲೇ ಇಲ್ಲ ಅಂದ್ಕೊಳ್ತಾನೆ. ಗೋಡೆ ಒಳಗೆ ವೈರು ಜೀವಂತ ಇರುತ್ತೆ. ಕೈ ಹಾಕ್ತಾನೆ, ಸಾಯ್ತಾನೆ."

ಫೋರ್‌ಮನ್ ಕೈ ತೊಳೆಯುವ ನೆಪ ಮಾಡಿ ಎದ್ದು ಹೋದ. ಅವನ ಕೈಯಲ್ಲಿ ಕೊಳೆ ಏನೂ ಇರಲಿಲ್ಲ.

ಇನ್ನೊಂದು ಹೇಳಬೇಕು, ನಗುತ್ತಲೇ ಹೇಳುತ್ತೇನೆ. ಮಾತೆಲ್ಲ ಮುಗಿದ ಮೇಲೆ ನನ್ನನ್ನು ನೋಡಿ, "ನೀವು ಆಫೀಸಿನವರಾ?" ಎಂದರು. ಅಳುವುದೋ ಜಗಳವಾಡುವುದೋ ಎಂದು ಒಂದು ಗಳಿಗೆ ತೂಗಿ ನೋಡಿದೆ, ಎರಡರಲ್ಲೂ ಗಿಟ್ಟುವುದಿಲ್ಲ ಎನಿಸಿತು. "ಹೌದು, ಲೆಕ್ಕ ನೋಡ್ಕೊಳ್ತೀನಿ" ಎಂದೆ. "ಒಳ್ಳೇ ಕೈಬರಹ ನಿಮ್ದು. ನಮ್ಮನೆಯವಳಿಗೆ ಹೇಳಿ ಸಂಬಳ ಜಾಸ್ತಿ ಮಾಡಿಸ್ತೀನಿ. ಅವಳು ಸ್ವಲ್ಪ ಬಿಗಿ, ಆದ್ರೂ ನನ್ ಮಾತು ಕೇಳ್ತಾಳೆ" ಎಂದರು. ನೋಡು, ಮದುವೆಯಾದಾಗಿನಿಂದ ನನ್ನ ಮುಂದೆ ಒಂದು ದಿನವೂ ಹೊಗಳದವರು ನನ್ನ ಬೆನ್ನ ಹಿಂದೆ ಹೊಗಳಿದರು. ಸಂಜೆಯ ಹೊತ್ತಿಗೆ ಮತ್ತೆ ಹೆಂಡತಿಯಾದೆ.

ಈಗ ನಿನ್ನ ವೇಗದ ಮಾತು. ಹೇಳಿದ ದಿನಕ್ಕೆ ಪ್ಯಾನೆಲ್ ಒಪ್ಪಿಸದಿದ್ದರೆ ಅನ್ನ ಇಳಿಯದವಳು ನಾನು. ಅಂಥ ನನ್ನ ಬಾಯಿಂದ ಈ ಮಾತು ಬರುತ್ತಿದೆ: ಅವಸರ ಬೇಡ. ಅವರು ಬೆಳಿಗ್ಗೆ ಏಳುವುದು ಸಾಫ್ಟ್‌ವೇರಿಗಾಗಿ ಅಲ್ಲ, ನಿನ್ನ ಪ್ರಶ್ನೆಗಾಗಿ. ಯೋಜನೆ ಹಾಕುತ್ತಲೇ ಇರು. ಅದು ಯೋಜನೆಯಾಗಿಯೇ ಇರಲಿ.

ಸಂಬಳ ಹೆಚ್ಚಾಗಲಿರುವ,
ನಿನ್ನ ಅತ್ತಿಗೆ


ಏಪ್ರಿಲ್ ೨೨

ಅತ್ತಿಗೆಗೆ ನಮಸ್ಕಾರಗಳು.

ನೀವು ಹೇಳಿದ್ದು ತಿಳಿಯಿತು. ಆದರೆ ನಿಮ್ಮನ್ನೇ ಆಫೀಸಿನವರೆಂದರೆ, ಇನ್ನು ನನ್ನನ್ನು ಗುರುತಿಸುವ ದಿನ ಎಷ್ಟು ಉಳಿದಿರಬಹುದು? ನೀವು ಅಲ್ಲೇ ಇದ್ದೀರಿ, ಸಂಜೆಗೆ ಮತ್ತೆ ಹೆಂಡತಿಯಾಗುತ್ತೀರಿ. ನಾನು ದೂರದಲ್ಲಿದ್ದೇನೆ.

ಮೊದಲ ಆವೃತ್ತಿ ತಯಾರಾಗಿದೆ. ಬರುವ ಶನಿವಾರ ತರುತ್ತೇನೆ. ಪ್ರಶ್ನೆಗಳು ತೀರಿಹೋಗುತ್ತವೆ ಎಂದು ಹೆದರಬೇಡಿ. ನಮ್ಮ ಕಸುಬಿನಲ್ಲಿ ಕೆಲಸ ಮುಗಿಯುವುದು ಎಂಬುದೇ ಇಲ್ಲ. ಒಂದನೆಯದು ಆದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಆಮೇಲಿನ ಗೋಡೆಯ ತುಂಬ ಚೀಟಿಗಳಿವೆ. ಅಣ್ಣ ಇರುವವರೆಗೂ ಕೇಳುತ್ತೇನೆ.

ಒಂದು ಸಲ ಅವರ ಮುಂದೆ ಕೂತು ತೋರಿಸುತ್ತೇನೆ. ಬೇಡ ಎನ್ನಬೇಡಿ.

ನಿಮ್ಮ ಮೈದುನ


ಮೇ ೧೧

ಚಿಕ್ಕ ಯಜಮಾನರಿಗೆ,

ಆ ಶನಿವಾರ ನೀನು ಊಟವನ್ನೂ ಮಾಡದೆ ಹೊರಟೆ. ತಡೆಯಲು ನನಗೂ ಮನಸ್ಸಾಗಲಿಲ್ಲ. ಎಲ್ಲ ನಿನ್ನ ಕಣ್ಣ ಮುಂದೆಯೇ ನಡೆಯಿತು, ಆದರೂ ಬರೆಯುತ್ತಿದ್ದೇನೆ. ಆ ಹೊತ್ತಿನಲ್ಲಿ ನಿನಗೆ ಲ್ಯಾಪ್‌ಟಾಪು ಬಿಟ್ಟು ಏನೂ ಕಾಣಿಸಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನಿಮ್ಮಿಬ್ಬರನ್ನೂ ನೋಡುತ್ತಿದ್ದೆ.

ನೀನು ಒಳಗೆ ಬಂದಾಗ ಅವರು ಎದ್ದು ನಿಂತರು. "ಬನ್ನಿ ಬನ್ನಿ. ನನ್ ತಮ್ಮ ಕಳಿಸಿದ್ನಾ?"

ನೀನು ನನ್ನ ಕಡೆ ನೋಡಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನೇ "ಹೌದು ಸಾರ್" ಎಂದುಬಿಟ್ಟೆ.

"ಅವನ್ಯಾಕೆ ಬರ್ಲಿಲ್ಲ?"

"ಕೆಲಸ ಜಾಸ್ತಿ ಸಾರ್."

"ಅವನಿಗೆ ಯಾವಾಗ್ಲೂ ಅದೇ. ಕೂತ್ಕೊಳ್ಳಿ."

ಆಮೇಲೆ ನೀನು ತೋರಿಸಿದೆ, ಅವರು ಪರೀಕ್ಷೆ ಮಾಡಿದರು. ರಿಲೇಯನ್ನು ಮೇಲಿಂದ ಕೆಳಕ್ಕೆ ಎಳೆದು, ಗೆರೆಗಳೆಲ್ಲ ಹಿಂಬಾಲಿಸಿದ್ದು ನೋಡಿ ನಿನ್ನ ಬೆನ್ನು ತಟ್ಟಿದರು. ಬೇಕೆಂದೇ ಒಂದು ಫ್ಯೂಸನ್ನು ಅಳಿಸಿದರು. ಗೆರೆ ತುದಿ ಬಿಟ್ಟುಕೊಂಡು ಕೆಂಪಾಗಿ ನಿಂತಿತು. "ಇದು ಯಾರ್ ಹೇಳಿದ್ದು ನಿಮಗೆ? ಬಲ್ಲೋರೇ ಹೇಳಿರ್ಬೇಕು" ಎಂದರು. ನೀನು ತಲೆ ಬಗ್ಗಿಸಿದೆ. ನೀನು ತಂದಿದ್ದ ಪ್ರಿಂಟನ್ನು ಮೇಜಿನ ಮೇಲೆ ಹರಡಿ, ಪ್ರತಿ ಗೆರೆಯ ಮೇಲೂ ಬೆರಳಾಡಿಸಿದರು. ಕೊನೆಗೆ ಪೆನ್ನು ತೆಗೆದು ಮೂಲೆಯಲ್ಲಿ "ಸರಿ ಇದೆ" ಎಂದು ಬರೆದು ಸಹಿ ಹಾಕಿದರು. ಸಹಿ ಹಾಕಲಾಗದೆ ಬ್ಯಾಂಕಿನ ಕಾಗದಕ್ಕೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದವಳು ನಾನು. ಅದೇ ಕೈ ಅವತ್ತು ಒಂದೇ ಎಳೆತಕ್ಕೆ ಸಹಿ ಮುಗಿಸಿತು.

"ನನ್ ತಮ್ಮನಿಗೆ ಹೇಳಿ, ಕೆಲಸ ಬಹಳ ಚೆನ್ನಾಗಿದೆ ಅಂತ. ನಾನೇ ಹೇಳ್ಬೇಕು. ಆದ್ರೆ ಅವನು ಎದುರಿಗಿದ್ರೆ ನಂಗೆ ಬಾಯೇ ಬರಲ್ಲ."

"ಹೇಳ್ತೀನಿ ಸಾರ್."

"ಮರೀಬೇಡಿ."

"ಇಲ್ಲ ಸಾರ್."

ಅಲ್ಲೇ ಪೆನ್ನಿಗೆ ಕ್ಯಾಪು ಹಾಕಿದರು. ನಿನಗೆ ಕೇಳಿಸಿತೋ ಇಲ್ಲವೋ, ನನಗೆ ಆ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.

ನಿಮ್ಮ ಕಸುಬಿನಲ್ಲಿ ಕೆಲಸ ಮುಗಿಯುವುದಿಲ್ಲ ಎಂದು ಬರೆದಿದ್ದೆಯಲ್ಲ, ಅವರ ಕಸುಬಿನಲ್ಲಿ ಮುಗಿಯುತ್ತದೆ. ಮರುದಿನ ಏಳಲಿಲ್ಲ. ನೀನು ಬಿಟ್ಟುಹೋದ ಹೊಸ ಪ್ರಶ್ನೆಗಳ ಹಾಳೆ ಹಿಡಿದುಕೊಂಡು ನಾನು ಅವರ ಹತ್ತಿರ ಹೋದೆ. "ಸಹಿ ಆಯ್ತಲ್ಲ" ಎಂದರು. ಅದರ ಮರುದಿನವೂ ಅದೇ ಮಾತು. ತಿಂದದ್ದು, ಮಲಗಿದ್ದು, ನನ್ನ ಹೆಸರು, ಯಾವುದೂ ನಿಲ್ಲದ ತಲೆಯಲ್ಲಿ ಆ ಒಂದು ಸಹಿ ಮಾತ್ರ ನಿಂತುಬಿಟ್ಟಿದೆ. ಈಗ ಶೇವಿಂಗಿನ ಸಾಮಾನು ಒಣಗಿ ಕೂತಿದೆ, ಅಂಗಿ ಮಡಿಸಿದ್ದು ಮಡಿಸಿದಂತೇ ಇದೆ. ಚಮಚದಲ್ಲಿ ಗಂಜಿ ಕುಡಿಸುತ್ತೇನೆ, ಅರ್ಧ ಒಳಗೆ, ಅರ್ಧ ಹೊರಗೆ.

ನಿನ್ನ ಮೇಲೆ ಸಿಟ್ಟಿಲ್ಲ. ಸುಳ್ಳು ಯಾಕೆ, ಸ್ವಲ್ಪ ಇದೆ. ನೀನು ಪಡೆಯಬೇಕಾದ ಮಾತನ್ನು ಪಡೆದುಕೊಂಡು ಹೋದೆ, ಆದರೆ ತಮ್ಮನ ಮುಖದಲ್ಲಲ್ಲ, ಪರರ ಮುಖದಲ್ಲಿ. ಅದರ ಮುಂದೆ ನನ್ನ ಸಿಟ್ಟು ಎಷ್ಟರದು?

ಏನಾದರೂ ದಾರಿ ಇದ್ದರೆ ಬರೆ.

ಅತ್ತಿಗೆ


ಮೇ ೨೪

(ಅಣ್ಣನಿಗೆ ಓದುವ ಹಾಳೆ)

ಅಣ್ಣಾ, ನಾನು ನಿಮ್ಮ ತಮ್ಮ.

ಒಂದು ಅಚಾತುರ್ಯ ನಡೆದಿದೆ. ಮೊನ್ನೆ ನಿಮ್ಮ ಹತ್ತಿರ ಬಂದಿದ್ದ ಆಸಾಮಿ ನನಗೆ ಹೇಳದೆ ಕೇಳದೆ ಬಂದವನು. ಅರ್ಧಂಬರ್ಧ ಕೆಲಸವನ್ನು ಮುಗಿದಿದೆ ಎಂದು ತೋರಿಸಿ ನಿಮ್ಮ ಸಹಿ ಹಾಕಿಸಿಕೊಂಡಿದ್ದಾನೆ. ಅವನಿಗೆ ನಕ್ಷೆ ಎಂದರೆ ಏನೆಂದು ಗೊತ್ತಿಲ್ಲ. ಬರೀ ಅಂದ ನೋಡುತ್ತಾನೆ. ನೀವು ಹೇಳಿದ ಮಾತನ್ನೂ ನನಗೆ ತಲುಪಿಸಲಿಲ್ಲ. ಅವನನ್ನು ಕೆಲಸದಿಂದ ತೆಗೆದುಹಾಕಿದ್ದೇನೆ.

ಆ ಸಹಿ ಆ ಹಾಳೆಯದು. ಅದನ್ನು ಯಾರೂ ಮುಟ್ಟುವುದಿಲ್ಲ. ನಾವು ಹೊಸ ನಂಬರು ಹಾಕಿ ಹೊಸ ಹಾಳೆ ಶುರು ಮಾಡೋಣ. ಮೊದಲಿಂದ ಹೇಳಿಕೊಡಿ. ಎರಡು ಗೆರೆ ಒಂದನ್ನೊಂದು ಹಾಯುವಲ್ಲಿ ಏನು ಮಾಡಬೇಕು?

(ಅತ್ತಿಗೆಗೆ)

ಇದನ್ನು ಓದಿ ಹೇಳಿ.

ಮೈದುನ


ಜೂನ್ ೬

ಚಿಕ್ಕ ಯಜಮಾನರಿಗೆ,

ಓದಿ ಹೇಳಿದೆ. ಮಂಚದ ಅಂಚಿನಲ್ಲಿ ಕೂತು, ಒಂದೊಂದೇ ಸಾಲು, ನಿಧಾನವಾಗಿ. ಕಣ್ಣು ತೆರೆದೇ ಇತ್ತು. ಕೊನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. ಗೆರೆಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

"ಅವನನ್ನ ತೆಗೆದುಹಾಕಿದ್ನಾ?" ಎಂದರು.

"ಹೌದಂತೆ."

"ಯಾಕೆ?"

"ಕೆಲಸ ಬರಲ್ವಂತೆ."

ಮೊಣಕೈ ಊರಿ ಎದ್ದು ಕೂರಲು ನೋಡಿದರು. ನಾನು ದಿಂಬು ಕೊಟ್ಟೆ. "ಸುಳ್ಳು. ಅವನಿಗೆ ಕೆಲಸ ಬರುತ್ತೆ. ನಾನ್ ನೋಡಿದೀನಿ. ಎಲ್ಲರ ಎದುರಿಗೆ ತೆಗೆದ್ನಾ?"

ನಾನು ನಿನ್ನ ಹಾಳೆಯನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

"ಕೇಳ್ತಾ ಇದೀನಿ. ಎಲ್ಲರ ಎದುರಿಗಾ?"

"ಹೌದು."

"ಛೆ," ಎಂದು ಕಣ್ಣು ಮುಚ್ಚಿದರು. ಮತ್ತೆ ಕಣ್ಣು ತೆರೆದು, "ವಾಪಸ್ ಕರ್ಸ್ಕೋ ಅಂತ ಬರಿ ನನ್ ತಮ್ಮನಿಗೆ. ಪಾಪ, ಅವನಿಗೂ ಮನೆ ಮಠ ಇರುತ್ತೆ" ಎಂದರು.

ಅಂದಿನಿಂದ ಅವರು ಹಾಸಿಗೆಯಿಂದ ಎದ್ದಿಲ್ಲ, ಇನ್ನು ಏಳುತ್ತಾರೆ ಎಂದು ನಾನೂ ಅಂದುಕೊಂಡಿಲ್ಲ. ಡಾಕ್ಟರು ಬಂದಿದ್ದರು. ನನ್ನನ್ನು ಹೊರಗೆ ಕರೆದು ಮಾತಾಡಿದರು, ಮೆತ್ತಗೆ. ಗಂಜಿಯೂ ಈಗ ಮುಕ್ಕಾಲು ಪಾಲು ಹೊರಗೇ. ಆದರೆ ದಿನಾ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಒಂದು ಪ್ರಶ್ನೆ: "ಅವನನ್ನ ವಾಪಸ್ ತಗೊಂಡ್ರಾ?" ನಾಳೆ ಗೊತ್ತಾಗುತ್ತೆ ಎನ್ನುತ್ತೇನೆ. ಈ ಉತ್ತರವನ್ನು ಎಷ್ಟು ನಾಳೆಗಳವರೆಗೆ ಎಳೆಯಬಹುದೋ ನನಗೆ ತಿಳಿಯದು.

ಇನ್ನು ಪ್ರಶ್ನೆ ಬರೆದು ಕಳಿಸಬೇಡ. ನೀನೇ ಹೊರಟು ಬಾ. ತಮ್ಮ ಎಂದು ಬಾಗಿಲಲ್ಲಿ ನಿಲ್ಲಬೇಡ, ಆ ತಮ್ಮನಿಗಾಗಿ ಅವರು ಕಾಯುತ್ತಿಲ್ಲ. ಕೆಲಸ ಕಳೆದುಕೊಂಡು ಮತ್ತೆ ಸೇರಿದವನು ಎಂದು ಬಾ. ಅವರ ಪಕ್ಕ ಕೂತು, "ನಿಮ್ಮ ತಮ್ಮ ನನ್ನ ವಾಪಸ್ ತಗೊಂಡ್ರು ಸಾರ್, ನೀವು ಹೇಳಿದ್ರಿ ಅಂತ" ಎಂದು ಹೇಳು. ಒಂದು ಸಲ ಸಾಲದು, ಮರುದಿನಕ್ಕೆ ಮರೆತಿರುತ್ತಾರೆ. ಬೆಳಿಗ್ಗೆ ಮತ್ತೆ ಹೇಳು. ನಿನ್ನ ಬಟ್ಟೆಬರೆ ಸ್ವಲ್ಪ ಹೆಚ್ಚಿಗೆ ತಾ.

ಬಾಗಿಲು ತೆಗೆದೇ ಇಟ್ಟಿರುವ,
ಅತ್ತಿಗೆ